ನಮ್ಮ ಇಂಡಿ, ಪಿಳ್ಳಮ್ಮನವರ ಇಂದಿ

ಸೋಮಾರಿತನ ಸುಲಭವೆಂದು ತಿಳಿದವರು ಅದನ್ನು ಎಂದೂ ಮನಸ್ಸಿಟ್ಟು ಮಾಡಿದವರಲ್ಲ. ದುಡಿಯುವವನ ತಂಟೆಗೆ ಯಾರೂ ಹೋಗುವುದಿಲ್ಲ. ‘ಪಾಪ, ಏನೋ ಕೆಲಸದಲ್ಲಿದ್ದಾನೆ’ ಎಂದು ಬದಿಗೆ ಸರಿದು ದಾರಿ ಬಿಡುತ್ತಾರೆ. ಅದೇ ಒಬ್ಬ ಮನುಷ್ಯ ಚಾಪೆ ಹಾಸಿ, ಗೋಡೆಗೆ ತಲೆದಿಂಬು ಆನಿಸಿ, ಎದೆಯ ಮೇಲೊಂದು ಕಾದಂಬರಿ ತೆರೆದಿಟ್ಟುಕೊಂಡು ಕಾಲು ಚಾಚಿದನೋ, ಊರಿನ ಕೆಲಸವೆಲ್ಲ ಅವನ ವಿಳಾಸ ಕೇಳಿಕೊಂಡು ಬರುತ್ತದೆ. ಸೀಮೆಎಣ್ಣೆ ಮುಗಿಯುವುದು ಅದೇ ಹೊತ್ತಿಗೆ. ಕ್ಯಾಲೆಂಡರಿನ ಮೊಳೆ ಕಳಚಿ ಬೀಳುವುದೂ ಅದೇ ಹೊತ್ತಿಗೆ. ನಾನು ಕಾರ್ಖಾನೆಯ ಉಗ್ರಾಣದಲ್ಲಿ ವಾರವಿಡೀ ಮೇಜಿನ ಮುಂದೆ ಕೂತು ಏನೂ ಮಾಡದೆ ಇದ್ದದ್ದುಂಟು. ಅದಕ್ಕೆ ಸಂಬಳ ಕೊಟ್ಟಿದ್ದಾರೆ. ಆದರೆ ಭಾನುವಾರ ನನ್ನ ಮನೆಯಲ್ಲಿ, ನನ್ನದೇ ಚಾಪೆಯ ಮೇಲೆ, ಬಿಟ್ಟಿಯಾಗಿ ಏನೂ ಮಾಡದೆ ಬಿದ್ದಿರಲು ಮಾತ್ರ ಯಾರೂ ಬಿಟ್ಟಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ವಿಜಾಪುರ ಜಿಲ್ಲೆಯ ಇಂಡಿ. ಲಿಂಬೆಹಣ್ಣಿಗೆ ಹೆಸರಾದ ಊರು. ಅಲ್ಲಿಂದ ಹೊಟ್ಟೆಪಾಡಿಗೆ ಯಲಹಂಕದ ಕಡೆ ಬಂದು, ಅಟ್ಟೂರಿನಲ್ಲಿ ಪಿಳ್ಳಮ್ಮ ಎಂಬವರ ಹಿತ್ತಲಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿ ಶಕುಂತಲೆಯೂ ಬಾಡಿಗೆಗಿದ್ದೆವು. ಮುಂದಿನ ಮನೆಯಲ್ಲಿ ಪಿಳ್ಳಮ್ಮ, ಅವರ ಮಗ ಕೃಷ್ಣಪ್ಪ, ಸೊಸೆ ಜಯಮ್ಮ. ನಡುವಿನ ಅಂಗಳದಲ್ಲಿ ಲಕ್ಷ್ಮಿ ಎಂಬ ಹಸು. ಪಿಳ್ಳಮ್ಮ ಆ ಊರಿನ ಹಳೆಯ ಕುಳ. ಸುತ್ತಲಿನ ಹೊಲಗಳೆಲ್ಲ ಸೈಟುಗಳಾಗುತ್ತಿದ್ದರೂ ತಮ್ಮ ಪಾಲಿನ ರಾಗಿ ಹೊಲವನ್ನು ಬಿಟ್ಟುಕೊಟ್ಟವರಲ್ಲ, ಬಾಯೊಳಗಿನ ಎಲೆಯಡಿಕೆಯನ್ನೂ ಬಿಟ್ಟವರಲ್ಲ. ಆ ಎಲೆಯಡಿಕೆಯ ಸುತ್ತ ಬಳಸಿಕೊಂಡು ಮಾತು ಹೊರಗೆ ಬರಬೇಕಾಗಿದ್ದರಿಂದ ಅರ್ಧ ಅಕ್ಷರಗಳು ದಾರಿಯಲ್ಲೇ ರೂಪ ಕಳೆದುಕೊಳ್ಳುತ್ತಿದ್ದವು. ‘ಹ’ಕಾರವಂತೂ ಆ ಊರಿನ ಹಳಬರ ಬಾಯಲ್ಲಿ ಮೊದಲೇ ಇರಲಿಲ್ಲ. ಹಾಲು ಅವರಿಗೆ ಆಲು, ಹಸು ಅಸು. ನನಗೆ ಒದಗಿದ ಪಾಡೆಲ್ಲ ಈ ಒಂದು ಅಕ್ಷರದಿಂದಲೇ ಬಂದದ್ದು.

ಶನಿವಾರ ನನಗೆ ಅರ್ಧ ದಿನ. ಬಸ್ಸಿಳಿದವನು ಮನೆಗೆ ಬರುವ ಮೊದಲು ಹಳೆಯ ಯಲಹಂಕದ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಹೋಗಿ ಒಂದು ಪತ್ತೇದಾರಿ, ಒಂದು ಸಾಂಸಾರಿಕ, ಹೀಗೆ ಎರಡು ಕಾದಂಬರಿ ಹಿಡಿದು ಬರುತ್ತಿದ್ದೆ. ಅಲ್ಲಿನ ಪುಸ್ತಕಗಳಿಗೆ ಸಾಮಾನ್ಯವಾಗಿ ಮೊದಲ ಹಾಳೆಗಳು ಇರುತ್ತಿರಲಿಲ್ಲ. ಸತ್ತವರು ಯಾರೆಂದು ತಿಳಿಯದೆಯೇ ಕೊಂದವನನ್ನು ಹಿಡಿಯುವ ಅಭ್ಯಾಸ ನನಗೆ ಅಲ್ಲಿ ಆಯಿತು. ನಡುವಿನಿಂದ ಹಿಡಿದು ಕಥೆಯನ್ನು ಊಹಿಸಿಕೊಳ್ಳುವ ಈ ವಿದ್ಯೆ ಮುಂದೆ ನನ್ನ ಮಾನ ಕಾಯುತ್ತದೆಂದು ಆಗ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ತಿಂದು, ಎರಡನೆಯ ಸಲ ಚಹಾ ಕುಡಿದು, ‘ಇನ್ನ ಒಂದೀಟು ಅಡ್ಡಾಗ್ತೀನಿ’ ಎಂದು ಚಾಪೆಯ ಮೇಲೆ ಅಡ್ಡಾದರೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಶಕುಂತಲೆಗೆ ಟೀವಿ ಬೇಕೆನಿಸಿತು.

ಒಂದು ಭಾನುವಾರ ಟೀವಿ ಬಂತು. ಕಪ್ಪುಬಿಳುಪಿನದು, ಅಂಗಡಿಯ ಹಾಗೆ ಬಾಗಿಲು ಎಳೆದು ಮುಚ್ಚುವಂಥದು. ಆಗ ನಮ್ಮ ಬೀದಿಯಲ್ಲಿ ಅದೊಂದೇ. ನಾನು ಮಾಳಿಗೆ ಹತ್ತಿ ಆಂಟೆನಾವನ್ನು ಹೆಬ್ಬಾಳದ ಕಡೆ, ರಾಜಾನುಕುಂಟೆಯ ಕಡೆ, ಆಕಾಶದ ಕಡೆ ಎಲ್ಲ ತಿರುಗಿಸಿದೆ. ಕೆಳಗಿನಿಂದ ಶಕುಂತಲೆ ‘ಬಂತು, ಬಂತು, ಹೋತು’ ಎಂದು ಕೂಗುತ್ತಿದ್ದಳು. ಕೊನೆಗೆ ಚಿತ್ರ ನಿಂತಾಗ ಇಳಿದು ಬಂದು ನೋಡಿದರೆ ನನ್ನ ಚಾಪೆಯ ಮೇಲೆ ಪಿಳ್ಳಮ್ಮ ಕಾಲು ಮಡಚಿ ಕೂತಿದ್ದರು, ಬಾಗಿಲ ಬಳಿ ಕೃಷ್ಣಪ್ಪ, ಕಿಟಕಿಯ ಕೆಳಗೆ ಅತ್ತೆಗೆ ಬೆನ್ನು ತಿರುಗಿಸಿಕೊಂಡು ಜಯಮ್ಮ. ನನ್ನ ತಲೆದಿಂಬು ಯಾರ ಬೆನ್ನ ಹಿಂದಿತ್ತೋ ಈಗ ನೆನಪಿಲ್ಲ. ಪರದೆಯ ಮೇಲೆ ಒಂದು ಹಿಂದಿ ಧಾರಾವಾಹಿ ಶುರುವಾಗಿತ್ತು.

ಪಿಳ್ಳಮ್ಮ ಸ್ವಲ್ಪ ಹೊತ್ತು ನೋಡಿ, ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ನನ್ನ ಕಡೆ ತಿರುಗಿದರು. “ಇಂದಿ ಗೊತ್ತಾ ಸ್ವಾಮಿ ನಿಮ್ಗೆ?”

ನನಗೆ ಕೇಳಿಸಿದ್ದು ‘ಇಂಡಿ’. ಪರ ಊರಿನಲ್ಲಿ ಯಾರಾದರೂ ನಮ್ಮೂರಿನ ಹೆಸರೆತ್ತಿದರೆ ನನಗೆ ಮೈಯೆಲ್ಲ ಹಿಗ್ಗು. “ಗೊತ್ತಿಲ್ಲದ ಏನ್ರೀ! ಹುಟ್ಟಿ ಬೆಳದದ್ದ ಅಲ್ಲೆ. ನಮ್ಮ ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲಾರದೂ ಅದ,” ಎಂದೆ.

“ನಾನ್ ಯೋಳಿರ್ಲಿಲ್ವೇನ್ಲಾ,” ಎಂದು ಪಿಳ್ಳಮ್ಮ ಮಗನಿಗೆ ಹೇಳಿದರು. “ಗಂಡ ಎಂಡ್ತಿ ಮನೇಲಿ ಆಡೋದೆಲ್ಲಾ ಅದೇಯ. ನಂಗೆ ಒಂದಕ್ಷರ ತಿಳಿಯಾಕಿಲ್ಲ.”

ಪಾಪ, ಅವರು ಕೇಳಿದ್ದು ನಮ್ಮ ಕನ್ನಡವನ್ನೇ. ‘ಲಗೂ ಚಾ ತಾ’, ‘ಚಾದರ ಎಲ್ಲೆ ಒಗದಿ’, ‘ಖುರ್ಚಿ ಸರಸು’ ಎಂದೆಲ್ಲ ಹಿತ್ತಲಿನಿಂದ ಕಿವಿಗೆ ಬೀಳುವುದು ಹಿಂದಿಯೇ ಎಂದು ಅವರು ಎಂದೋ ತೀರ್ಮಾನಿಸಿದ್ದರು. ಇದು ತಿಳಿಯದ ನಾನು ಹಿಗ್ಗಿನಲ್ಲಿ, “ಲಿಂಬಿಹಣ್ಣಿಗೆ ಭಾಳ ಹೆಸರುವಾಸಿರೀ, ಅಂಥಾ ರಸ ಬ್ಯಾರೆ ಕಡೆ ಸಿಗಂಗಿಲ್ಲ,” ಎಂದೂ ಸೇರಿಸಿದೆ. ಹಿಂದಿಗೂ ಲಿಂಬೆಹಣ್ಣಿಗೂ ಏನು ಸಂಬಂಧವೆಂದು ಪಿಳ್ಳಮ್ಮ ಕ್ಷಣ ಯೋಚಿಸಿದಂತೆ ಕಂಡಿತು. ಆದರೆ ಓದಿದವರ ಮಾತು, ಇದ್ದರೂ ಇದ್ದೀತೆಂದು ಬಿಟ್ಟರು. “ಸರಿ, ಅಂಗಾರೆ ಯೋಳಿ. ಅವಳು ಏನಂತಾವ್ಳೆ?” ಎಂದು ಪರದೆಯ ಕಡೆ ಬೆರಳು ಮಾಡಿದಾಗಲೇ ನನಗೆ ‘ದ’ಕಾರ ‘ಡ’ಕಾರಗಳ ವ್ಯತ್ಯಾಸ ಹೊಳೆದದ್ದು. ಆಗ ‘ಬರುವುದಿಲ್ಲ’ ಎಂದು ಹೇಳಬಹುದಿತ್ತು. ಆದರೆ ಮುತ್ತಜ್ಜನವರೆಗೆ ಸಾಕ್ಷಿ ಕರೆದಾಗಿತ್ತು.

ನನಗೆ ಹಿಂದಿ ಏನೇನೂ ಬರುತ್ತಿರಲಿಲ್ಲ ಎನ್ನುವುದೂ ತಪ್ಪು. ಶಾಲೆಯಲ್ಲಿ ಹಸುವಿನ ಮೇಲೊಂದು ಪ್ರಬಂಧ ಬಾಯಿಪಾಠ ಮಾಡಿದ್ದೆ. ‘ಗಾಯ್ ಏಕ್ ಪಾಲ್ತೂ ಜಾನ್ವರ್ ಹೈ’ ಎಂದು ಶುರು ಮಾಡಿದರೆ ಬಾಲದವರೆಗೆ ನಿಲ್ಲದೆ ಹೋಗುತ್ತಿದ್ದೆ. ಪರೀಕ್ಷೆಯಲ್ಲಿ ದೀಪಾವಳಿಯ ಬಗ್ಗೆ ಬರೆಯಲು ಬಂದರೆ, ದೀಪಾವಳಿಯಲ್ಲಿ ಹಸುವಿನ ಪೂಜೆ ಮಾಡುತ್ತಾರೆಂದು ಒಂದು ಸಾಲು ಹಾಕಿ, ಮುಂದಿನದೆಲ್ಲ ಹಸುವೇ. ನದಿಯ ಬಗ್ಗೆ ಬಂದರೆ ಹಸುವನ್ನು ನೀರು ಕುಡಿಯಲು ನದಿಗೆ ಕರೆದೊಯ್ಯುತ್ತಿದ್ದೆ. ಆ ಧಾರಾವಾಹಿಯಲ್ಲಿ ಒಂದು ವಾರವಾದರೂ ಒಂದು ಹಸು ಹಾದುಹೋಗಿದ್ದರೆ ನಾನು ಪ್ರಾಮಾಣಿಕನಾಗಿಯೇ ಉಳಿಯುತ್ತಿದ್ದೆ. ಅಲ್ಲಿ ಇದ್ದದ್ದು ದೊಡ್ಡ ಬಂಗಲೆ, ಒಬ್ಬ ವಯಸ್ಸಾದ ಹೆಂಗಸು, ಒಬ್ಬ ಹುಡುಗಿ, ಮತ್ತು ಕಾರಣವಿಲ್ಲದೆ ಮಹಡಿ ಹತ್ತಿ ಇಳಿಯುವ ಹಲವು ಗಂಡಸರು.

ಅಷ್ಟರಲ್ಲಿ ಪರದೆಯ ಆ ಇಬ್ಬರು ಹೆಂಗಸರೂ ಒಂದೇ ಕೋಣೆಯಲ್ಲಿದ್ದು, ಮಾತು ನಿಲ್ಲಿಸಿ ಮುಖ ಮುಖ ನೋಡುತ್ತಿದ್ದರು. ಅಂಥ ಮೌನ ನಮ್ಮ ಅಂಗಳದಲ್ಲಿ ದಿನವೂ ನಡೆಯುತ್ತಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ. “ಅಕೀ ಅತ್ತಿ, ಇಕೀ ಸೊಸಿ,” ಎಂದು ಘೋಷಿಸಿಬಿಟ್ಟೆ.

ನಮ್ಮ ಅಂಗಳದ ಸಂಗತಿ ಹೇಳಬೇಕು. ಅವರೆಕಾಯಿ ಸುಗ್ಗಿಯಲ್ಲಿ ಹಿತಕಿದ ಬೇಳೆ ಸಾರಿಗೆ ಅತ್ತೆಯೂ ಉಪ್ಪು ಹಾಕಿ, ಸೊಸೆಯೂ ಉಪ್ಪು ಹಾಕಿ, ಎರಡನೆಯ ಉಪ್ಪು ಯಾರದೆಂಬ ವಿಷಯಕ್ಕೆ ಪಿಳ್ಳಮ್ಮನಿಗೂ ಜಯಮ್ಮನಿಗೂ ಮಾತು ನಿಂತುಹೋಗಿತ್ತು. ಅಂದಿನಿಂದ ಇಬ್ಬರೂ ಮಾತಾಡುತ್ತಿದ್ದದ್ದು ಹಸುವಿನ ಮೂಲಕ. “ಲಕ್ಷ್ಮೀ, ನೀರು ಕಾದೈತೆ ಅಂತ ಯೋಳೇ,” ಎಂದು ಜಯಮ್ಮ ಹಸುವಿಗೆ ಹೇಳಿದರೆ, “ಕಾದ್ರೆ ಕಾಯ್ಲಿ ಅನ್ನೇ ಲಕ್ಷ್ಮೀ,” ಎಂದು ಪಿಳ್ಳಮ್ಮ ಹಸುವಿಗೇ ಉತ್ತರ ಕೊಡುತ್ತಿದ್ದರು. ಲಕ್ಷ್ಮಿ ಮೆಲುಕು ಹಾಕುತ್ತ ಇಬ್ಬರ ಮಾತೂ ಕೇಳಿಸಿಕೊಳ್ಳುತ್ತಿತ್ತು. ಯುಗಾದಿಗೆ ತವರಿಗೆ ಹೋದರೆ ಮತ್ತೆ ಬರುವುದಿಲ್ಲವೆಂದು ಜಯಮ್ಮ ಹಸುವಿಗೆ ಸ್ಪಷ್ಟವಾಗಿ ತಿಳಿಸಿದ್ದಳು. ತವರು ರಾಜಾನುಕುಂಟೆ, ಸಿಟ್ಟು ಬಂದರೆ ನಡೆದೇ ಹೋಗಿಬಿಡಬಹುದಾದಷ್ಟು ಹತ್ತಿರ. ಕೃಷ್ಣಪ್ಪನಂತೂ ನಿದ್ದೆಗೆಟ್ಟು ಸೊರಗಿದ್ದ.

ನನ್ನ ಘೋಷಣೆಯಾದ ಮುಂದಿನ ಭಾನುವಾರವೇ ಪರದೆಯ ಮೇಲಿನ ವಯಸ್ಸಾದ ಹೆಂಗಸು ಹುಡುಗಿಯನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚತೊಡಗಿದಳು.

“ಅತ್ತೆ ಸೊಸೆ ತಲೆ ಬಾಚ್ತಾವ್ಳಾ?” ಎಂದರು ಪಿಳ್ಳಮ್ಮ.

“ಹೂಂನ್ರಿ.”

“ಎಲ್ಲಾದ್ರೂ ಉಂಟಾ ಇಂಗೆ?”

“ಉತ್ತರ ದೇಶದಾಗ ಹಂಗರೀ, ಅದು ಪದ್ಧತಿ,” ಎಂದು ನಾನು ಒಂದು ದೇಶದ ಅರ್ಧ ಭಾಗದ ಪರವಾಗಿ ಭರವಸೆ ಕೊಟ್ಟೆ. ಕಿಟಕಿಯ ಕೆಳಗಿದ್ದ ಜಯಮ್ಮ ಅಂದು ಮೊದಲ ಬಾರಿ ಟೀವಿಯ ಕಡೆಗಲ್ಲದೆ ಅತ್ತೆಯ ಕಡೆ ಓರೆಯಾಗಿ ನೋಡಿದಳು. ಪಿಳ್ಳಮ್ಮ ನೋಡದವರಂತೆ ಸೆರಗು ಸರಿಮಾಡಿಕೊಂಡರು.

ಅದಾದ ಮೇಲೆ ನನ್ನ ಅನುವಾದ ತಾನೇ ದಾರಿ ಹಿಡಿಯಿತು. ಪಾತ್ರಗಳ ಮಾತು ತಿಳಿಯದಿದ್ದಲ್ಲಿ ಆ ವಾರ ಓದುತ್ತಿದ್ದ ಸಾಂಸಾರಿಕ ಕಾದಂಬರಿಯ ಮಾತು ಹಾಕುತ್ತಿದ್ದೆ. ಕಾದಂಬರಿಯಲ್ಲಿ ಗಂಡ ಸೈನ್ಯದಲ್ಲಿದ್ದನಾದ್ದರಿಂದ ಧಾರಾವಾಹಿಯ ಸೊಸೆಗೂ ಗಡಿಯಲ್ಲಿ ಒಬ್ಬ ಗಂಡನನ್ನು ಕೊಟ್ಟೆ. ಒಂದು ಸಲ ಗಡಿಬಿಡಿಯಲ್ಲಿ ಪತ್ತೇದಾರಿಯ ಮಾತು ಸೇರಿಹೋಗಿ, ಆ ಬಂಗಲೆಯ ಬಡಪಾಯಿ ಅಡುಗೆಯವನ ಮೇಲೆ ವಾರವಿಡೀ ಬೀದಿಗೆ ಬೀದಿಯೇ ಸಂಶಯಪಟ್ಟಿತು. ಒಂದು ಮುಂಜಾನೆ ಹಲ್ಲುಜ್ಜಲು ಹೊರಗೆ ಬಂದವನು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತೆ. ಅಂಗಳದ ಕಲ್ಲಿನ ಮೇಲೆ ಪಿಳ್ಳಮ್ಮ. ಅವರ ಕಾಲ ಬಳಿ ಜಯಮ್ಮ. ಪಿಳ್ಳಮ್ಮನ ಅಂಗೈ ತುಂಬ ಕೊಬ್ಬರಿ ಎಣ್ಣೆ. ಎಣ್ಣೆ ಕಿವಿಯವರೆಗೆ ಇಳಿದಿತ್ತು, ಬಾಚುವುದರಲ್ಲಿ ನಯವೇನೂ ಇರಲಿಲ್ಲ. “ನೋಯ್ತೈತೇನೇ?” “ಇಲ್ಲ ಕಣತ್ತೆ,” ಎಂದಳು ಕಣ್ಣಲ್ಲಿ ನೀರು ತುಂಬಿಕೊಂಡು. ಮಾತು ನೇರವಾಗಿ ಹೋಗಿ ನೇರವಾಗಿ ಬಂದಿತ್ತು. ನನಗೆ ಬಹಳ ಸಂತೋಷವಾಯಿತು. ಸುಳ್ಳೇಕೆ, ಸ್ವಲ್ಪ ಜಂಬವೂ ಆಯಿತು.

ಆ ಸಂಜೆ ಕೃಷ್ಣಪ್ಪ ನನ್ನನ್ನು ಹುಣಸೆಮರದ ಕೆಳಗೆ ಕರೆದ. “ಸ್ವಾಮಿ, ನಿಮ್ಗೆ ಕೈ ಮುಗೀತೀನಿ. ಯುಗಾದಿಗಂಟ ಆ ಅತ್ತೆ ಸೊಸೇನ ಚೆಂದಾಗಿ ಮಡಗಿ. ಅಲ್ಲೇನಾರ ಜಗಳ ಆತೋ, ಇಲ್ಲಿ ಇವಳು ಗಂಟು ಕಟ್ತಾಳೆ.”

“ನನ್ನ ಕೈಯಾಗ ಏನದ ಕೃಷ್ಣಪ್ಪಾ? ಕಥಿ ಅವರು ಬರದಂಗ,” ಎಂದೆ.

“ಯಾರಾರ ಬರ್ಕಳ್ಳಿ. ಯೋಳೋರು ನೀವಲ್ವಾ?” ಎಂದ. ಅವನಿಗೆ ಎಷ್ಟು ತಿಳಿದಿತ್ತೋ ನಾನು ಕೇಳಲು ಹೋಗಲಿಲ್ಲ. ಅಂದಿನಿಂದ ಭಾನುವಾರವೆಂದರೆ ನನಗೆ ಡ್ಯೂಟಿ. ಚಾಪೆ, ದಿಂಬು, ಕಾದಂಬರಿ ಎಲ್ಲ ಇದ್ದಲ್ಲೇ ಇದ್ದವು. ನಾನು ಮಾತ್ರ ಟೀವಿಯ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಒಂದು ಸಂಸಾರವನ್ನು ಪರದೆಯ ಮೇಲೂ ಇನ್ನೊಂದನ್ನು ಚಾಪೆಯ ಮೇಲೂ ಒಡೆಯದಂತೆ ನೋಡಿಕೊಳ್ಳಬೇಕಿತ್ತು. ಅಷ್ಟು ಕೆಲಸವನ್ನು ನಾನು ಕಾರ್ಖಾನೆಯಲ್ಲಿ ಎಂದೂ ಮಾಡಿದವನಲ್ಲ.

ಯುಗಾದಿಯ ಹಿಂದಿನ ಭಾನುವಾರ ನನ್ನ ಗ್ರಹಚಾರ ಎರಡು ರೂಪದಲ್ಲಿ ಬಂತು. ಮೊದಲನೆಯದು, ವಿದ್ಯಾರಣ್ಯಪುರದ ದೇಶಪಾಂಡೆ. ನಮ್ಮ ಕಾರ್ಖಾನೆಯವನೇ, ಹತ್ತಾರು ವರ್ಷ ಕಾನ್ಪುರದಲ್ಲಿದ್ದು ಬಂದವನು, ಹಿಂದಿಯಲ್ಲೇ ಸೀನುತ್ತಿದ್ದ. ಅವನ ಟೀವಿ ರಿಪೇರಿಯಲ್ಲಿತ್ತಂತೆ, “ಇಲ್ಲೇ ನೋಡೂಣು ಅಂತ ಬಂದೆ,” ಎಂದು ಚಪ್ಪಲಿ ಬಿಟ್ಟ. ಎರಡನೆಯದು, ಧಾರಾವಾಹಿಯಲ್ಲಿ ಆ ಹುಡುಗಿ ಮದುಮಗಳಾಗಿ ಸಿಂಗರಿಸಿಕೊಂಡು ಕೂತಿದ್ದಳು. ಮುಸುಕು, ಮೂಗುತಿ, ಬ್ಯಾಂಡು, ಹೊರಗೆ ಕುದುರೆಯ ಮೇಲೆ ವರ.

“ಸ್ವಾಮೀ,” ಎಂದರು ಪಿಳ್ಳಮ್ಮ ನಿಧಾನವಾಗಿ. “ಇದೇನಿದು? ಸೊಸೆಗೆ ಮದ್ವೆ?”

ಜಯಮ್ಮ ಅಂದು ಕಿಟಕಿಯ ಕೆಳಗಿರಲಿಲ್ಲ. ಅತ್ತೆಯ ಮಗ್ಗುಲಲ್ಲೇ, ಅವರ ಮಂಡಿಗೆ ಒರಗಿ ಕೂತಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ಬಾಗಿಲಲ್ಲಿ ಕೃಷ್ಣಪ್ಪನ ಕೈ ಅರ್ಧ ಮುಗಿದಿತ್ತು. ನಾನು, ಹೇಗೂ ನಾನೇ ಕೊಟ್ಟವನಲ್ಲವೇ ಎಂದು, ಗಡಿಯಲ್ಲಿದ್ದ ಆ ಗಂಡನನ್ನು ಅಲ್ಲೇ ಬಲಿಕೊಟ್ಟೆ. “ಮಗಾ ಯುದ್ಧದಾಗ ಹೋದನ್ರೀ. ಸೊಸಿ ಸಣ್ಣಾಕಿ, ಆಕಿ ಬಾಳೇ ಹಾಳಾಗಬಾರದು ಅಂತ ಅತ್ತಿ ತಾನ ಮುಂದ ನಿಂತು ಮಗಳಂಗ ಧಾರಿ ಎರದು ಕೊಡಾಕತ್ತಾಳ.”

ಪರದೆಯ ಮೇಲೆ ಇಬ್ಬರೂ ಹೆಂಗಸರು ತಬ್ಬಿಕೊಂಡು ಅತ್ತರು. ಚಾಪೆಯ ಮೇಲೆ ಪಿಳ್ಳಮ್ಮನೂ ಜಯಮ್ಮನೂ ಅತ್ತರು. “ಎಂತಾ ಅತ್ತೆ! ಪುಣ್ಯಾತ್ಗಿತ್ತಿ!” ಎಂದು ಪಿಳ್ಳಮ್ಮ ಸೊಸೆಯ ಸೆರಗಿನಲ್ಲೇ ಮೂಗೊರಸಿಕೊಂಡರು. ಕೃಷ್ಣಪ್ಪನೊಬ್ಬನೇ ಕೆಟ್ಟ ಮುಖ ಮಾಡಿಕೊಂಡು, “ಎಲ್ಲಾ ಸರಿ ಸ್ವಾಮಿ, ಮಗನ್ನ ಯಾಕ್ ಸಾಯ್ಸಿದ್ರಿ?” ಎಂದು ಗೊಣಗಿದ.

ಆಗ ದೇಶಪಾಂಡೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಲ್ಲೋ ಮಾರಾಯಾ, ಯಾವ ಮಗಾ, ಯಾವ ಯುದ್ಧ? ಅವ್ವ ಮಗಳು ಅವರು! ಮಗಳ ಲಗ್ನಾ ಮಾಡಿ ಕಳಸ್ಲಿಕತ್ತಾಳ!”

ಜಯಮ್ಮ ಮಂಡಿಯಿಂದ ತಲೆ ಎತ್ತಿದಳು. ಯುಗಾದಿ ಬಾಗಿಲಲ್ಲಿತ್ತು, ಇಷ್ಟು ದಿನದ ಎಣ್ಣೆ, ಬಾಚಣಿಗೆ, ನೇರ ಮಾತು ಎಲ್ಲ ನನ್ನ ಸುಳ್ಳಿನ ಜತೆ ಕೊಚ್ಚಿಹೋಗುವುದರಲ್ಲಿತ್ತು. ಪಿಳ್ಳಮ್ಮ ದೇಶಪಾಂಡೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎದ್ದು ಹೊರಗೆ ಹೋಗಿ ಎಲೆಯಡಿಕೆ ಉಗುಳಿ ಬಂದರು. ಅವರು ಬಾಯಿ ಖಾಲಿ ಮಾಡಿಕೊಂಡು ಮಾತಾಡಿದ್ದು ನಾನು ಕಂಡದ್ದು ಅದೊಂದೇ ಸಲ.

“ನಿಮ್ಗೆ ಇಂದಿ ಸರ್ಯಾಗಿ ಬರಾಕಿಲ್ಲ ಅಂತ ಕಾಣ್ತೈತೆ ಸ್ವಾಮಿ. ಎಲ್ಲೋ ನಾಕ್ ದಿನ ಇದ್ದು ಕಲ್ತಿದ್ದೀರ. ಇವರು ಉಟ್ಟಿ ಬೆಳೆದಿದ್ದೇ ಇಂದೀಲಿ.”

“ಊಂ ಕಣತ್ತೆ,” ಎಂದಳು ಜಯಮ್ಮ. “ತಾಯಿ ಆಗಿದ್ರೆ ಅಷ್ಟು ನಿಧಾನಕ್ಕೆ ಬಾಚ್ತಿದ್ಲಾ? ನಮ್ಮವ್ವ ಬಾಚಿದ್ರೆ ಬುರುಡೆ ಕಿತ್ತು ಬರ್ತಿತ್ತು.”

ಅತ್ತೆ ಸೊಸೆ ಒಂದೇ ಮಾತಿಗೆ ಹೂಂಗುಟ್ಟಿದ್ದನ್ನು ಆ ಮನೆಯ ಗೋಡೆಗಳೂ ಮೊದಲ ಸಲ ಕೇಳಿರಬೇಕು. ದೇಶಪಾಂಡೆ ನನ್ನ ಕಡೆ ನೋಡಿದ, ಅವರ ಕಡೆ ನೋಡಿದ, ಕೊನೆಗೆ ಶಕುಂತಲೆ ಕೊಟ್ಟ ಚಹಾ ಕುಡಿದು ಹೋದ. ಸೋಮವಾರ ಕಾರ್ಖಾನೆಯಲ್ಲಿ ಸಿಕ್ಕಾಗ, ಕಾನ್ಪುರದ ಕಡೆಯ ಮಾತು ಸ್ವಲ್ಪ ಬೇರೆ ಇರಬಹುದೆಂದು ಅವನೇ ಹೇಳಿದ. ಜಯಮ್ಮ ಯುಗಾದಿಗೆ ರಾಜಾನುಕುಂಟೆಗೆ ಹೋಗಿ, ಹೋಳಿಗೆ ತಿಂದು, ಧಾರಾವಾಹಿ ತಪ್ಪಬಾರದೆಂದು ಭಾನುವಾರದೊಳಗೆ ವಾಪಸು ಬಂದಳು.

ದೇಶಪಾಂಡೆ ಬಂದುಹೋದ ದಿನವೇ, ಗೆದ್ದ ಖುಷಿಯಲ್ಲಿ ಊಟಕ್ಕೆ ಕೂತಾಗ ಶಕುಂತಲೆಗೆ, “ನೋಡಿದಿ, ಹೆಂಗ ದಾಟಿಸಿದೆ? ಪುಣ್ಯಾಕ್ಕ ಅವನ್ನ ಬಿಟ್ರ ಯಾರಿಗೂ ಹಿಂದಿ ಬರೂದಿಲ್ಲ,” ಎಂದೆ.

“ನನಗ ಬರ್ತದಲ್ರೀ,” ಎಂದಳು ಭಕ್ಕರಿ ಮುರಿಯುತ್ತ. “ಸೋಲಾಪುರ ರೈಲ್ವೆ ಕ್ವಾರ್ಟರ್ಸ್‌ನಾಗ ಬೆಳದಾಕಿ ನಾ. ಅವ್ವ ಮಗಳು ಅಂತ ಮೊದಲನೇ ದಿನಾನ ಗೊತ್ತಿತ್ತು.”

ನನ್ನ ಮಾವ ರೈಲ್ವೆಯಲ್ಲಿದ್ದದ್ದು ನನಗೆ ಮದುವೆಗೆ ಮೊದಲೇ ಗೊತ್ತಿತ್ತು. ಅದಕ್ಕೂ ಹಿಂದಿಗೂ ಸಂಬಂಧ ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ. “ಮತ್ತ ಯಾಕ ಸುಮ್ಮನ ಕುಂತಿ?”

“ಮುಂದಿನ ತಿಂಗಳ ನಿಮ್ಮವ್ವ ಬರ್ತಾರಲ್ಲ. ಅವರೂ ಒಮ್ಮೆ ನೋಡ್ಲಿ ಅಂತ.”

ಅವ್ವ ಬಂದಳು. ಭಾನುವಾರ ಅವಳನ್ನು ಎಲ್ಲರಿಗಿಂತ ಮುಂದೆ, ಪಿಳ್ಳಮ್ಮನ ಪಕ್ಕ ಕೂರಿಸಿದೆವು. ಅಷ್ಟು ಹೊತ್ತಿಗೆ ನನಗೆ ಸಾಕಷ್ಟು ಧೈರ್ಯ ಬಂದಿದ್ದರಿಂದ ಸ್ಟೂಲು ಬಿಟ್ಟು ಗೋಡೆಯ ಬಳಿ ಅಡ್ಡಾಗಿ, ಎದೆಯ ಮೇಲೆ ಕಾದಂಬರಿ ಇಟ್ಟುಕೊಂಡೇ ಅನುವಾದ ಮಾಡುತ್ತಿದ್ದೆ. ಪರದೆಯ ಮೇಲೆ ಹುಡುಗಿ ಹೊಸ ಗಂಡನ ಜತೆ ಹಬ್ಬಕ್ಕೆ ಬಂದಿದ್ದಳು. ವಯಸ್ಸಾದವಳು ಮತ್ತೆ ಎಣ್ಣೆ ಹಚ್ಚಿ ಬಾಚತೊಡಗಿದಳು. ಶಕುಂತಲೆ ನನ್ನ ಕಡೆ ಒಮ್ಮೆ ನೋಡಿದಳು. “ಅವ್ವಾ, ನೋಡು,” ಎಂದೆ ನಾನು, ದನಿಯಲ್ಲಿ ಆದಷ್ಟು ಕಕ್ಕುಲಾತಿ ತುಂಬಿ. “ಸೊಸೀನ ಹೆಂಗ ಮಗಳಂಗ ನೋಡ್ಕೊಳಾಕತ್ತಾಳ!”

ಅವ್ವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. “ಆ ಖುರ್ಚಿ ಮ್ಯಾಲ ಪೇಪರ ಹಿಡ್ಕೊಂಡು ಕುಂತಾವ ಯಾರು?”

“ಆಕಿ ಗಂಡ.”

“ಕೈಕಾಲು ನೆಟ್ಟಗ ಅದಾವಿಲ್ಲೋ?”

“ಅದಾವ.”

“ಗಟ್ಟಿಮುಟ್ಟಿ ಗಂಡ ಓದಕೋತ ಕುಂತು, ಮುದುಕಿ ಕೈಯಾಗ ಹಣಗಿ ಕೊಟ್ಟಾರ? ಇದ್ಯಾವ ಪದ್ಧತಿಯೋ!” ಎಂದು ಅವ್ವ ಹಿಂದೆ ತಿರುಗಿದಳು. ಅವಳ ಕಣ್ಣು ಚಾಪೆಯ ಮೇಲೆ ಬಿತ್ತು, ದಿಂಬಿನ ಮೇಲೆ ಬಿತ್ತು, ನನ್ನ ಎದೆಯ ಮೇಲಿನ ಕಾದಂಬರಿಯ ಮೇಲೆ ನಿಂತಿತು. “ಏಳು. ಹಣಗಿ ತಾ.”

ಹಣಗಿ ಎಂದರೆ ಬಾಚಣಿಗೆ ಎಂದು ಪಿಳ್ಳಮ್ಮನಿಗೆ ತಿಳಿಯಲಿಲ್ಲ. “ಅಮ್ಮಾವ್ರು ಏನಂದ್ರು?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಕುಂತಲೆ ಅನುವಾದಿಸಿದಳು: “ನಮ್ಮ ಕಡೆ ರವಿವಾರ ಗಂಡಸರೇ ಹೆಂಡರ ತಲಿ ಬಾಚೂ ಪದ್ಧತಿ ಅಂತ್ರೀ.” ಜಯಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಕೃಷ್ಣಪ್ಪ, ಹಸುವಿಗೆ ಮೇವು ಹಾಕಬೇಕೆಂದು ಆಗಲೇ ಅರ್ಧ ಎದ್ದಿದ್ದ. “ಕೂತ್ಕಳ್ಳಲಾ,” ಎಂದರು ಪಿಳ್ಳಮ್ಮ.

ಹೀಗೆ ನಾನು ಕಾದಂಬರಿಯನ್ನು ಮಗುಚಿಟ್ಟು, ಹೆಂಡತಿಯ ಹಿಂದೆ ಕೂತು, ಒಂದು ಕೈಯಲ್ಲಿ ಹಣಿಗೆ ಇನ್ನೊಂದರಲ್ಲಿ ಅವಳ ಕೂದಲು ಹಿಡಿದೆ. ಅಷ್ಟು ಉದ್ದವೆಂದು ನನಗೆ ಗೊತ್ತೇ ಇರಲಿಲ್ಲ. ನಡುನಡುವೆ ಪಿಳ್ಳಮ್ಮ “ಈಗ ಏನಂದ್ಲು?” ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಧಾರಾವಾಹಿ ಮುಗಿಯುವ ಹೊತ್ತಿಗೆ ಹೆರಳೂ ಮುಗಿಯಿತು. ಶಕುಂತಲೆ ಕೈ ಹಿಂದೆ ಮಾಡಿ ಅದನ್ನು ಬುಡದಿಂದ ತುದಿಯವರೆಗೆ ಮುಟ್ಟಿ ನೋಡಿ, “ಸೊಟ್ಟ ಆಗೇದ್ರೀ. ಬಿಚ್ಚಿ ಮತ್ತೊಮ್ಮೆ ಹಾಕ್ರಿ,” ಎಂದಳು.